ಮೊಬೈಲ್ ಅಂಗಡಿಯ ಮೆಟ್ಟಿಲು ಹತ್ತುವ ಮುಂಚೆ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದು ಪಿಯುಸಿಗೆ ಅಡ್ಮಿಷನ್ ಆಗುವ ಹೊತ್ತಿಗೆ ನಮ್ಮ ಮನೆಗಳಲ್ಲಿ ಒಂದೇ ಮಾತು: "ಉಪ್ಪಾ, ನನಗೊಂದು ಮೊಬೈಲ್ ಬೇಕು." ಮಗಳು ಮಂಡ್ಯಕ್ಕೋ ಮೈಸೂರಿಗೋ ಬಸ್ಸಿನಲ್ಲಿ ಹೋಗಿ ಬರುವವಳು. ಕಾಲೇಜಿನ ನೋಟ್ಸು ವಾಟ್ಸ್‌ಆ್ಯಪ್ ಗ್ರೂಪಿಗೆ ಬರುತ್ತದೆ, ಸ್ಕಾಲರ್‌ಶಿಪ್ ಅರ್ಜಿಯ ಒಟಿಪಿ ಫೋನಿಗೇ ಬರುತ್ತದೆ, ಬಸ್ಸು ತಪ್ಪಿದರೆ ಮನೆಗೆ ತಿಳಿಸಬೇಕು. ಬೇಡ ಅನ್ನಲು ಈಗ ಯಾರಿಗೂ ಬಾಯಿ ಬರುವುದಿಲ್ಲ. ಯಾವುದು, ಎಲ್ಲಿ, ಎಷ್ಟಕ್ಕೆ, ದುಡ್ಡು ಹೇಗೆ ಕೊಡುವುದು ಅನ್ನುವುದೇ ಈಗಿನ ತಲೆನೋವು.

ಕರಾವಳಿಯಿಂದ ಘಟ್ಟ ಹತ್ತಿ ಬಂದು ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲದ ಕಡೆ ಹೋಟೆಲು, ಬೇಕರಿ, ಮೀನು ಅಂತ ದುಡಿಯುವ ನಮ್ಮವರಿಗೆ ಹದಿನೈದು ಸಾವಿರದ ಫೋನೆಂದರೆ ಒಂದು ತಿಂಗಳ ದುಡಿಮೆ. ಅಷ್ಟು ದುಡ್ಡಿಗೆ ಮನೆಗೆ ಫ್ರಿಜ್ ತರುವುದಾದರೆ ನಾಲ್ಕು ಅಂಗಡಿ ತಿರುಗುತ್ತೇವೆ, ಊರಿನ ಕಾಕನಿಗೆ ಫೋನ್ ಮಾಡಿ ಕೇಳುತ್ತೇವೆ. ಮೊಬೈಲ್ ಮಾತ್ರ ಸಂಜೆ ಹೋಗಿ ಅರ್ಧ ಗಂಟೆಯಲ್ಲಿ ತಂದುಬಿಡುತ್ತೇವೆ. ಅಂಗಡಿಯ ಹುಡುಗ ಯಾವುದನ್ನು ಹೊಗಳುತ್ತಾನೋ ಅದೇ ನಮ್ಮ ಆಯ್ಕೆ. ಅವನಿಗೆ ಯಾವುದರ ಮೇಲೆ ಕಮಿಷನ್ ಜಾಸ್ತಿ ಅಂತ ನಾವು ಕೇಳುವುದಿಲ್ಲ, ಅವನು ಹೇಳುವುದೂ ಇಲ್ಲ.

ಮೊದಲು ನಮ್ಮ ಮನೆಯಲ್ಲೇ ಆದದ್ದನ್ನು ಹೇಳಿಬಿಡುತ್ತೇವೆ. ಆರೂವರೆ ಸಾವಿರಕ್ಕೆ ಒಂದು ಸೆಕೆಂಡ್ ಹ್ಯಾಂಡ್ ಫೋನ್ ತಂದೆವು. ನೋಡಲು ಹೊಸದರ ಹಾಗೇ ಇತ್ತು. ಡಬ್ಬಿ ಇರಲಿಲ್ಲ, ಬಿಲ್ಲೂ ಇರಲಿಲ್ಲ. "ಬಿಲ್ ಯಾಕೆ ಸಾಹೇಬ್ರೇ, ಏನಾದ್ರೂ ಆದ್ರೆ ನಾನೇ ಇದ್ದೀನಲ್ಲ" ಅಂದ ಅಂಗಡಿಯವನು. ನಾಲ್ಕು ತಿಂಗಳು ಚೆನ್ನಾಗಿಯೇ ನಡೆಯಿತು. ಆಮೇಲೆ ಒಂದು ದಿನ ಮಧ್ಯಾಹ್ನ ಊಟದ ಗಿರಾಕಿಗಳ ಗಡಿಬಿಡಿಯಲ್ಲಿ ಪೊಲೀಸ್ ಠಾಣೆಯಿಂದ ಫೋನ್. ಯಾರದೋ ಕಳುವಾದ ಮೊಬೈಲ್ ಅದು. ಎರಡು ಸಲ ಅಂಗಡಿ ಬಾಗಿಲು ಹಾಕಿ ಠಾಣೆಗೆ ಹೋಗಿ, ಎಲ್ಲಿ ಕೊಂಡೆವು ಅಂತ ಬರೆದುಕೊಟ್ಟು, ಫೋನ್ ಒಪ್ಪಿಸಿ ಬಂದೆವು. ಕೊಟ್ಟವನನ್ನು ಕೇಳಿದರೆ "ಇದು ನನ್ನ ಅಂಗಡಿಯದೇ ಅಲ್ಲ" ಅಂದ. ಅಲ್ಲ ಅಂತ ಸಾಧಿಸಲು ನಮ್ಮ ಕೈಯಲ್ಲಿ ಒಂದು ಚೀಟಿಯೂ ಇರಲಿಲ್ಲ. ದುಡ್ಡು ಹೋದದ್ದಕ್ಕಿಂತ ಠಾಣೆಯ ಬೆಂಚಿನ ಮೇಲೆ ಕೂತದ್ದು ಉಮ್ಮನಿಗೆ ಹೆಚ್ಚು ನೋವಾಯಿತು.

ಇದು ಹೇಗೆ ಪತ್ತೆಯಾಗುತ್ತದೆ ಅಂತ ಆಮೇಲೆ ತಿಳಿದುಕೊಂಡೆವು. ಪ್ರತಿ ಫೋನಿಗೂ 15 ಅಂಕಿಯ ಐಎಂಇಐ ನಂಬರ್ ಇರುತ್ತದೆ. ಎರಡು ಸಿಮ್‌ನ ಫೋನಾದರೆ ಎರಡು ನಂಬರ್. ಕಳಕೊಂಡವರು ದೂರು ಕೊಟ್ಟು, ಕೇಂದ್ರ ಸರಕಾರದ ಸಿಇಐಆರ್ ವ್ಯವಸ್ಥೆಯಲ್ಲಿ ಆ ನಂಬರನ್ನು ಬ್ಲಾಕ್ ಮಾಡಿಸುತ್ತಾರೆ. ಆ ಫೋನಿಗೆ ಯಾರು ಸಿಮ್ ಹಾಕಿದರೂ ಯಾರ ಹೆಸರಿನ ಸಿಮ್ ಅನ್ನುವುದು ಪೊಲೀಸರಿಗೆ ಸಿಗುತ್ತದೆ. ಕದ್ದವನು ಸಿಮ್ ಹಾಕುವುದಿಲ್ಲ, ಕೊಂಡ ನಾವು ಹಾಕುತ್ತೇವೆ. ಕಳುವಿನ ಮಾಲು ಅಂತ ಗೊತ್ತಿದ್ದು, ಅಥವಾ ಗೊತ್ತಾಗುವಂಥ ಕಾರಣವಿದ್ದೂ ಇಟ್ಟುಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಂ ಪ್ರಕಾರ ಅಪರಾಧ. ಹದಿನೆಂಟು ಸಾವಿರದ ಫೋನು ಬಿಲ್ಲಿಲ್ಲದೆ ಆರು ಸಾವಿರಕ್ಕೆ ಸಿಕ್ಕಿತು ಅಂದರೆ, ಅನುಮಾನ ಬರಲಿಲ್ಲವೇ ಅಂತ ಕೇಳುತ್ತಾರೆ. ಕೇಳುವುದು ಸರಿಯೇ.

ತಪ್ಪಿಸಿಕೊಳ್ಳುವ ದಾರಿ ಸುಲಭ, ಖರ್ಚೂ ಇಲ್ಲ. ಅಂಗಡಿಯಲ್ಲೇ ಆ ಫೋನಿನಲ್ಲಿ *#06# ಒತ್ತಿ. ಐಎಂಇಐ ನಂಬರ್ ತೆರೆಯ ಮೇಲೆ ಬರುತ್ತದೆ. ನಿಮ್ಮ ಫೋನಿನಿಂದ ಇಂಗ್ಲಿಷ್ ದೊಡ್ಡಕ್ಷರದಲ್ಲಿ ಕೆವೈಎಂ ಅಂತ ಬರೆದು, ಜಾಗ ಬಿಟ್ಟು, ಆ 15 ಅಂಕಿ ಹಾಕಿ 14422ಕ್ಕೆ ಮೆಸೇಜ್ ಕಳುಹಿಸಿ. ಆ ನಂಬರ್ ಯಾವ ಕಂಪೆನಿಯ ಯಾವ ಮಾಡೆಲ್‌ನದು, ಬ್ಲಾಕ್ ಆಗಿದೆಯೇ ಅಂತ ಉತ್ತರ ಬರುತ್ತದೆ. 2023ರ ಮೇ ತಿಂಗಳಲ್ಲಿ ಶುರುವಾದ ಸಂಚಾರ್ ಸಾಥಿ ವೆಬ್‌ಸೈಟಿನಲ್ಲೂ ನೋಡಬಹುದು, ಈಗ ಅದರ ಆ್ಯಪ್ ಕೂಡಾ ಇದೆ. ಉತ್ತರದಲ್ಲಿ ಬಂದ ಮಾಡೆಲ್ಲೇ ಬೇರೆ, ಕೈಯಲ್ಲಿರುವ ಫೋನೇ ಬೇರೆ ಅಂತಾದರೆ ಅಲ್ಲಿಂದ ಎದ್ದು ಬನ್ನಿ, ನಂಬರ್ ತಿದ್ದಿದ್ದಾರೆ ಅಂತ ಅರ್ಥ. 2023ರ ದೂರಸಂಪರ್ಕ ಕಾಯ್ದೆಯಲ್ಲಿ ಐಎಂಇಐ ತಿದ್ದುವುದಕ್ಕೆ ಮೂರು ವರ್ಷದವರೆಗೆ ಜೈಲು, 50 ಲಕ್ಷ ರೂಪಾಯಿವರೆಗೆ ದಂಡ ಇದೆ.

ಹಳೇ ಫೋನಿನಲ್ಲಿ ಇನ್ನೊಂದು ಗಮನಿಸಿ. ಹಿಂದಿನವರ ಗೂಗಲ್ ಅಕೌಂಟ್, ಐಫೋನ್ ಆದರೆ ಆ್ಯಪಲ್ ಐಡಿ, ಅದರಿಂದ ತೆಗೆದಿರಬೇಕು. ಇಲ್ಲದಿದ್ದರೆ ಮುಂದೆ ಎಂದಾದರೂ ರೀಸೆಟ್ ಮಾಡಿದಾಗ ಅವರ ಪಾಸ್‌ವರ್ಡ್ ಕೇಳಿ ಫೋನು ಇಟ್ಟಿಗೆಯಾಗುತ್ತದೆ. ನಿಮ್ಮ ಎದುರೇ ರೀಸೆಟ್ ಮಾಡಿಸಿ, ನಿಮ್ಮ ಅಕೌಂಟ್ ಹಾಕಿಸಿ, ಆಮೇಲೆ ದುಡ್ಡು ಕೊಡಿ. ಮಾರುವವರ ಹೆಸರು, ಆಧಾರ್ ಜೆರಾಕ್ಸ್, ಐಎಂಇಐ ಬರೆದು ಸಹಿ ಮಾಡಿದ ಒಂದು ಚೀಟಿಯೂ ಇರಲಿ. ಸಂಬಂಧಿಕರಿಂದ ಕೊಂಡರೂ ಇರಲಿ, ಅದರಲ್ಲಿ ನಾಚಿಕೆ ಏನಿಲ್ಲ. ಸಾಲದ ವ್ಯವಹಾರವನ್ನು ಬರೆದಿಡಿ ಅಂತ ಕುರ್‌ಆನೇ ಹೇಳಿದ ಮೇಲೆ ಫೋನಿಗೊಂದು ಚೀಟಿ ದೊಡ್ಡದೇ?

ಇನ್ನು ಹೊಸ ಫೋನಿನ ಮಾತು.

ಯಾರಿಗೆ ಅಂತ ಮೊದಲು ತೀರ್ಮಾನ ಮಾಡಿ. ಮನೆಯಲ್ಲಿರುವ ಉಮ್ಮನಿಗೆ ಮಂಗಳೂರಿನ ಅಕ್ಕತಂಗಿಯರ ಜತೆ ಮಾತನಾಡುವುದಷ್ಟೇ ಕೆಲಸವಾದರೆ ಕೀಪ್ಯಾಡ್ ಫೋನೇ ಸಾಕು. ಆದರೆ ಅದರಲ್ಲೂ 4ಜಿ ಕೀಪ್ಯಾಡ್ ತೆಗೆದುಕೊಳ್ಳಿ. ಜಿಯೊಗೆ ಮೊದಲಿನಿಂದಲೂ 2ಜಿ, 3ಜಿ ಇಲ್ಲ, ಹಳೇ 2ಜಿ ಕೀಪ್ಯಾಡ್ ಸೆಟ್ಟಿಗೆ ಜಿಯೊ ಸಿಮ್ ಹಾಕಿದರೆ ಸದ್ದೇ ಬರುವುದಿಲ್ಲ. ಇದು ಗೊತ್ತಿಲ್ಲದೆ ಸೆಟ್ಟು ಹಾಳಾಗಿದೆ ಅಂತ ಎರಡೆರಡು ಸಲ ರಿಪೇರಿಗೆ ಕೊಟ್ಟವರಿದ್ದಾರೆ. ಕೀಪ್ಯಾಡಿನಲ್ಲೂ ಹಣ ಕಳುಹಿಸಬಹುದು, 2022ರ ಮಾರ್ಚ್‌ನಲ್ಲಿ ರಿಸರ್ವ್ ಬ್ಯಾಂಕ್ ಬಿಡುಗಡೆ ಮಾಡಿದ ಯುಪಿಐ 123ಪೇ ಅದಕ್ಕೇ ಇರುವುದು. ಆದರೆ ಉಮ್ಮ ದುಬೈಯ ಮಗನ ಮುಖ ನೋಡಬೇಕು ಅಂದರೆ ದೊಡ್ಡ ತೆರೆಯ ಫೋನೇ ಬೇಕು. ಅಲ್ಲಿ ಕ್ಯಾಮರಾ ಎಷ್ಟು ಮೆಗಾಪಿಕ್ಸೆಲ್ ಅನ್ನುವುದಕ್ಕಿಂತ ಸ್ಪೀಕರ್ ಎಷ್ಟು ಜೋರು, ಅಕ್ಷರ ಎಷ್ಟು ದೊಡ್ಡದು ಮಾಡಬಹುದು ಅನ್ನುವುದು ಮುಖ್ಯ.

(ಅಂದಹಾಗೆ ಯುಎಇಯಿಂದ ವಾಟ್ಸ್‌ಆ್ಯಪ್ ಕಾಲ್ ಬರದಿದ್ದರೆ ಇಲ್ಲಿ ಫೋನ್ ಬದಲಿಸಬೇಡಿ ಮಾರಾಯ್ರೆ. ಅದು ಅಲ್ಲಿನ ಸರಕಾರದ ನಿರ್ಬಂಧ. ಬೋಟಿಮ್‌ನಂಥ ಅಲ್ಲಿ ಅನುಮತಿ ಇರುವ ಆ್ಯಪ್ ಇಬ್ಬರ ಫೋನಿನಲ್ಲೂ ಇರಬೇಕು. ಸೌದಿಯಲ್ಲಿ 2017ರಲ್ಲೇ ಇಂಥ ಕಾಲ್‌ಗಳ ಮೇಲಿನ ತಡೆ ತೆಗೆದಿದ್ದಾರೆ.)

ಹೋಟೆಲ್, ಬೇಕರಿ, ಮೀನಿನ ಕೆಲಸದವರಿಗೆ ಬೇರೆಯೇ ಲೆಕ್ಕ. ಮೈದಾ ಹಿಟ್ಟು ಚಾರ್ಜಿಂಗ್ ಕಿಂಡಿಗೆ ಹೋಗುತ್ತದೆ, ಬಾಯ್ಲರ್ ಹಬೆ ಒಳಗೆ ಇಳಿಯುತ್ತದೆ. ಒದ್ದೆ ಕೈಗೆ, ಸವೆದ ಬೆರಳಿಗೆ ಫಿಂಗರ್‌ಪ್ರಿಂಟ್ ಹಿಡಿಯುವುದಿಲ್ಲ. ಅಂಥವರು ಪಿನ್ ನಂಬರ್ ಕೂಡಾ ಇಟ್ಟುಕೊಂಡು ಅಭ್ಯಾಸ ಮಾಡಿಕೊಳ್ಳಬೇಕು. ಐಪಿ68 ಅಂತ ಬರೆದಿದ್ದರೆ ನೀರು, ಧೂಳು ತಡೆಯುತ್ತದೆ ಅನ್ನುವುದು ನಿಜ. ಆದರೆ ಆ ಪರೀಕ್ಷೆ ಮಾಡುವುದು ಶುದ್ಧ ನೀರಿನಲ್ಲಿ. ಮೀನಿನ ಬುಟ್ಟಿಯ ಉಪ್ಪು ನೀರು, ಸೋಪಿನ ನೀರು ಆ ಲೆಕ್ಕದಲ್ಲಿಲ್ಲ. ನೀರು ಹೋಗಿ ಹಾಳಾದರೆ ಸಾಮಾನ್ಯವಾಗಿ ವಾರಂಟಿ ಕೊಡುವುದೂ ಇಲ್ಲ. ನೂರೈವತ್ತು ರೂಪಾಯಿಯ ದಪ್ಪ ಕವರು ಇಲ್ಲಿ ಹೆಚ್ಚು ಉಪಕಾರಿ.

ಡಬ್ಬಿಯ ಮೇಲಿನ ಅಂಕಿಗಳಲ್ಲಿ ಮೋಸ ಹೋಗುವುದು ಹೆಚ್ಚಾಗಿ ರ್‍ಯಾಮ್ ವಿಷಯದಲ್ಲಿ. "16 ಜಿಬಿ ರ್‍ಯಾಮ್" ಅಂತ ದೊಡ್ಡದಾಗಿ ಹಾಕಿ, ಕೆಳಗೆ ಸಣ್ಣ ಅಕ್ಷರದಲ್ಲಿ "8+8" ಅಂತ ಬರೆದಿರುತ್ತಾರೆ. ಎರಡನೇ ಎಂಟು ನಿಜವಾದ ರ್‍ಯಾಮ್ ಅಲ್ಲ. ಫೋಟೋ, ವಿಡಿಯೋ ಇಡುವ ಜಾಗದಿಂದಲೇ ಕಡ ತೆಗೆದದ್ದು, ವೇಗವೂ ಕಡಿಮೆ. ಕೂಡಿಸಿದ ಮೊದಲಿನ ಅಂಕಿ ಮಾತ್ರ ನಂಬಿ. ವಾಟ್ಸ್‌ಆ್ಯಪ್, ಯುಪಿಐ, ಕಾಲೇಜಿನ ಪಿಡಿಎಫ್ ಇಷ್ಟಕ್ಕೆ ನಿಜವಾದ 6 ಜಿಬಿ, 128 ಜಿಬಿ ಜಾಗ ಇದ್ದರೆ ಮೂರ್ನಾಲ್ಕು ವರ್ಷಕ್ಕೆ ಅಡ್ಡಿಯಿಲ್ಲ ಅನ್ನುವುದು ನಮ್ಮ ಅನುಭವ. 4 ಜಿಬಿ, 64 ಜಿಬಿಯದು ಮದುವೆ ವಿಡಿಯೋಗಳಲ್ಲೇ ತುಂಬಿಹೋಗುತ್ತದೆ.

ಅಂಗಡಿಯಲ್ಲಿ ಯಾರೂ ಕೇಳದ ಪ್ರಶ್ನೆ ಒಂದಿದೆ: ಈ ಫೋನಿಗೆ ಎಷ್ಟು ವರ್ಷ ಅಪ್‌ಡೇಟ್ ಬರುತ್ತದೆ? ಅಪ್‌ಡೇಟ್ ನಿಂತ ಫೋನಿನಲ್ಲಿ ಬ್ಯಾಂಕಿನ ವ್ಯವಹಾರ ಮಾಡುವುದೆಂದರೆ ಚಿಲಕ ಮುರಿದ ಬಾಗಿಲಿನ ಮನೆಯಲ್ಲಿ ಮಲಗಿದ ಹಾಗೆ. ಗೂಗಲ್ 2023ರ ಪಿಕ್ಸೆಲ್ 8ರಿಂದ, ಸ್ಯಾಮ್‌ಸಂಗ್ 2024ರ ಎಸ್24ರಿಂದ ಏಳು ವರ್ಷದ ಅಪ್‌ಡೇಟ್ ಭರವಸೆ ಕೊಡುತ್ತಿವೆ. ಅವೆಲ್ಲ ದುಬಾರಿ ಫೋನುಗಳು. ಕಡಿಮೆ ಬೆಲೆಯವಕ್ಕೆ ಸಿಗುವುದು ಕಡಿಮೆ ವರ್ಷ, ಆ ವರ್ಷ ಎಣಿಸುವುದೂ ಫೋನ್ ಮಾರುಕಟ್ಟೆಗೆ ಬಂದ ದಿನದಿಂದ, ನೀವು ಕೊಂಡ ದಿನದಿಂದ ಅಲ್ಲ. "ಆಫರ್" ಅಂತ ಅರ್ಧ ಬೆಲೆಗೆ ಕೊಡುವ ಮಾಡೆಲ್ ಎರಡು ವರ್ಷ ಹಳೆಯದಾಗಿದ್ದರೆ ಅದರ ಆಯುಷ್ಯ ಅಷ್ಟು ಕಳೆದಿದೆ ಅಂತ ತಿಳಿದುಕೊಳ್ಳಿ. 2025ರ ಜನವರಿಯಿಂದ ಆಂಡ್ರಾಯ್ಡ್ 4.4ರ ಫೋನುಗಳಲ್ಲಿ ವಾಟ್ಸ್‌ಆ್ಯಪ್ ನಿಂತುಹೋದದ್ದು ನೆನಪಿರಬಹುದು.

5ಜಿ ಬೇಕೇ? 2022ರ ಅಕ್ಟೋಬರ್‌ನಲ್ಲಿ ದೇಶದಲ್ಲಿ 5ಜಿ ಬಂತು. ಮೂರ್ನಾಲ್ಕು ವರ್ಷ ಇಟ್ಟುಕೊಳ್ಳುವ ಫೋನಾದರೆ ತೆಗೆದುಕೊಳ್ಳಿ, ಬೆಲೆಯ ಅಂತರ ಈಗ ಕಡಿಮೆ. ಆದರೆ ಅದಕ್ಕಿಂತ ಮೊದಲು ನಿಮ್ಮ ಮನೆಯೊಳಗೆ, ಅಡುಗೆ ಕೋಣೆಯಲ್ಲಿ ಯಾವ ಸಿಮ್ ಹಿಡಿಯುತ್ತದೆ ಅಂತ ನೋಡಿ. ಮೇಲುಕೋಟೆಯ ಬೆಟ್ಟದ ಮಗ್ಗುಲಿನಲ್ಲಿ, ಕೆಆರ್‌ಎಸ್ ಹಿನ್ನೀರಿನ ಬದಿಯ ಹಳ್ಳಿಗಳಲ್ಲಿ ಒಂದು ಸಿಮ್ ಕುಣಿದರೆ ಇನ್ನೊಂದು ಸತ್ತಿರುತ್ತದೆ. ಪಕ್ಕದ ಮನೆಯವರ ಫೋನು ಅರ್ಧ ದಿನ ತಂದು ನೋಡಿದರೆ ಗೊತ್ತಾಗುತ್ತದೆ. ಬಿಎಸ್ಸೆನ್ನೆಲ್ ಇಟ್ಟುಕೊಂಡವರು ಅದರ 4ಜಿಗೆ ಬೇಕಾದ 28 ಮತ್ತು 1 ಎಂಬ ಬ್ಯಾಂಡ್‌ಗಳು ಫೋನಿನಲ್ಲಿವೆಯೇ ಅಂತ ಕೇಳಿಕೊಳ್ಳಬೇಕು. ಬೆಳ್ಳೂರು ಕ್ರಾಸ್‌ನಲ್ಲಿ ಬಸ್ಸು ಹತ್ತಿ ಊರಿಗೆ ಹೋಗುವಾಗ ಶಿರಾಡಿ ಘಾಟಿಯಲ್ಲಿ ಕೈಕೊಡುವುದಕ್ಕೆ ಮಾತ್ರ ಯಾವ ಫೋನೂ ಮದ್ದಲ್ಲ.

ನಮ್ಮವರು ಕೇಳಲೇಬೇಕಾದ ಒಂದು ಸಂಗತಿ ಖಿಬ್ಲಾದ್ದು. ಖಿಬ್ಲಾ ತೋರಿಸುವ ಆ್ಯಪ್ ಹಾಕಿಕೊಂಡು, ಮುಳ್ಳು ತಿರುಗುವುದೇ ಇಲ್ಲ ಅನ್ನುವವರು ಬಹಳ ಮಂದಿ. ದಿಕ್ಕು ತಿಳಿಯಲು ಫೋನಿನೊಳಗೆ ದಿಕ್ಸೂಚಿಯ ಸೆನ್ಸರ್ ಇರಬೇಕು. ಅಗ್ಗದ ಎಷ್ಟೋ ಮಾಡೆಲ್‌ಗಳಲ್ಲಿ ಅದನ್ನು ಬಿಟ್ಟಿರುತ್ತಾರೆ. ಸೆನ್ಸರ್‌ಗಳ ಪಟ್ಟಿಯಲ್ಲಿ ಕಂಪಾಸ್ ಅಥವಾ ಮ್ಯಾಗ್ನೆಟೋಮೀಟರ್ ಅಂತ ಇದೆಯೇ ನೋಡಿ. ಇದ್ದರೂ ಆಯಸ್ಕಾಂತದ ಗುಂಡಿ ಇರುವ ಪರ್ಸ್ ಕವರ್ ಹಾಕಿದರೆ ದಿಕ್ಕು ತಪ್ಪುತ್ತದೆ. ಶ್ರೀರಂಗಪಟ್ಟಣದಿಂದ ಖಿಬ್ಲಾ ನೇರ ಪಶ್ಚಿಮಕ್ಕಿಂತ ಸುಮಾರು 19 ಡಿಗ್ರಿ ಉತ್ತರಕ್ಕೆ ವಾಲಿದೆ, ಅಷ್ಟು ನೆನಪಿದ್ದರೆ ಫೋನ್ ಸುಳ್ಳು ಹೇಳಿದಾಗ ಗೊತ್ತಾಗುತ್ತದೆ. ಹಾಗೆಯೇ ನಾವು ಶಾಫಿಗಳು, ಇಲ್ಲಿನ ಉರ್ದು ಮಾತಿನ ಸಹೋದರರು ಹೆಚ್ಚಿನವರು ಹನಫಿಗಳು. ಅಸರ್ ಸಮಯ ಎರಡಕ್ಕೂ ಬೇರೆ. ಆ್ಯಪ್‌ನ ಸೆಟ್ಟಿಂಗ್‌ನಲ್ಲಿ ಯಾವುದಿದೆ ಅಂತ ಒಮ್ಮೆ ನೋಡಿಕೊಳ್ಳಿ. ಲೊಕೇಶನ್ ಅನುಮತಿಯನ್ನು "ಬಳಸುವಾಗ ಮಾತ್ರ" ಅಂತ ಇಡಿ. ಕೋಟ್ಯಂತರ ಮಂದಿ ಹಾಕಿಕೊಂಡಿದ್ದ ಮುಸ್ಲಿಂ ಪ್ರೊ ಆ್ಯಪ್‌ನಿಂದ ಬಳಕೆದಾರರ ಲೊಕೇಶನ್ ಮಾಹಿತಿ ಎಕ್ಸ್-ಮೋಡ್ ಎಂಬ ಕಂಪೆನಿಗೆ ಹೋಗುತ್ತಿದೆ, ಆ ಕಂಪೆನಿಗೆ ಅಮೆರಿಕದ ಸೇನೆಯ ಜತೆ ವ್ಯವಹಾರವಿದೆ ಅಂತ 2020ರ ನವೆಂಬರ್‌ನಲ್ಲಿ ವರದಿ ಬಂದಿತ್ತು. ಆಮೇಲೆ ಆ್ಯಪ್‌ನವರು ಆ ಸಂಬಂಧ ಕಡಿದುಕೊಂಡರು.

ಗಲ್ಫಿನಿಂದ ಬರುವ ಫೋನು

ರಜೆಗೆ ಬರುವ ಅಣ್ಣನಿಗೆ ಹೇಳಿದರೆ ಅಲ್ಲಿಂದ ಕಡಿಮೆಗೆ ತರುತ್ತಾನೆ ಅನ್ನುವುದು ನಮ್ಮಲ್ಲಿ ಹಿಂದಿನಿಂದ ಬಂದ ನಂಬಿಕೆ. ಇಲ್ಲಿ ಫೋನಿಗೆ ಜಿಎಸ್‌ಟಿ ಶೇ. 18, ಆದ್ದರಿಂದ ದುಬಾರಿ ಫೋನಿನಲ್ಲಿ ಸ್ವಲ್ಪ ಉಳಿತಾಯ ಇರಬಹುದು. ಆದರೆ ಹೇಳಿಕಳುಹಿಸುವ ಮುಂಚೆ ಎರಡು ವಿಷಯ ತಿಳಿದಿರಲಿ. ಐಫೋನ್ 17 ಮಾದರಿಯಿಂದ ಸೌದಿ, ಯುಎಇ, ಕತರ್, ಕುವೈತ್, ಬಹರೈನ್, ಒಮಾನ್‌ಗಳಲ್ಲಿ ಮಾರುವ ಸೆಟ್ಟುಗಳಿಗೆ ಸಿಮ್ ಕಾರ್ಡ್ ಹಾಕುವ ಜಾಗವೇ ಇಲ್ಲ, ಇ-ಸಿಮ್ ಮಾತ್ರ. ಇಲ್ಲಿ ಜಿಯೊ, ಏರ್‌ಟೆಲ್‌ಗಳಲ್ಲಿ ಇ-ಸಿಮ್ ಸಿಗುತ್ತದೆ. ಆದರೆ ಫೋನ್ ಕೆಟ್ಟ ದಿನ ಸಿಮ್ ತೆಗೆದು ಉಮ್ಮನ ಸೆಟ್ಟಿಗೆ ಹಾಕಿಕೊಳ್ಳುವುದು ಆಗದು. ಇನ್ನು ಸ್ಯಾಮ್‌ಸಂಗ್‌ನಂಥ ಫೋನುಗಳ ಡಬ್ಬಿ ಮೇಲೆ ಇಂಥ ದೇಶಗಳ ಸಿಮ್ ಹಾಕಿ ಮೊದಲು ಬಳಸಬೇಕು ಅಂತ ಚೀಟಿ ಅಂಟಿಸಿದ್ದರೆ, ತರುವವರು ಅಲ್ಲೇ ಡಬ್ಬಿ ಒಡೆದು ಅಲ್ಲಿನ ಸಿಮ್‌ನಲ್ಲಿ ಐದು ನಿಮಿಷಕ್ಕಿಂತ ಹೆಚ್ಚು ಮಾತನಾಡಿರಬೇಕು. ಸೀಲು ಒಡೆಯದೆ ತಂದರೆ ಹೊಸದು ಅನ್ನುವ ಹೆಮ್ಮೆ ಇಲ್ಲಿ ತೊಂದರೆಗೆ ಕಾರಣ. ವಾರಂಟಿ ಭಾರತದಲ್ಲಿ ನಡೆಯುತ್ತದೆಯೇ ಅಂತ ಪತ್ರದಲ್ಲಿ ಓದಿಸಿ. ಚಾರ್ಜರಿನ ಮೂರು ಚಪ್ಪಟೆ ಕಾಲು ನಮ್ಮ ಗೋಡೆಗೆ ಕೂರುವುದಿಲ್ಲ ಅನ್ನುವುದು ನಿಮಗೆಲ್ಲ ಗೊತ್ತೇ ಇದೆ.

ಕಂತಿನ ಮಾತು

ಅಂಗಡಿಗೆ ಹೋದ ಕೂಡಲೇ "ದುಡ್ಡು ಬೇಡ ಸಾರ್, ಆಧಾರ್, ಪಾನ್ ಕೊಡಿ ಸಾಕು, ನೋ ಕಾಸ್ಟ್ ಇಎಂಐ" ಅನ್ನುತ್ತಾರೆ. ಬಡ್ಡಿ ಇಲ್ಲದ ಮೇಲೆ ರಿಬಾ ಹೇಗೆ ಅಂತ ನಮ್ಮ ಹುಡುಗರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಒಂದು ಲೆಕ್ಕ ಹಾಕಿ ನೋಡಿ. ಫೋನಿನ ಬೆಲೆ 18,000. ಆರು ಕಂತು, ತಿಂಗಳಿಗೆ 3,000. ಬಡ್ಡಿ ಸೊನ್ನೆ ಅನ್ನಿಸುತ್ತದೆ. ಈಗ "ಪೂರ್ತಿ ನಗದು ಕೊಟ್ಟರೆ ಎಷ್ಟಕ್ಕೆ ಕೊಡುತ್ತೀರಿ" ಅಂತ ಕೇಳಿ. 16,800 ಅಂದರೆ ಆ 1,200 ರೂಪಾಯಿ ಏನು? ಅದರ ಮೇಲೆ ಪ್ರೋಸೆಸಿಂಗ್ ಫೀ ಬೇರೆ. ಇದು ಉದಾಹರಣೆಯ ಲೆಕ್ಕ, ನಿಮ್ಮ ಅಂಗಡಿಯಲ್ಲಿ ಅಂಕಿ ಬೇರೆ ಇರಬಹುದು. ಆದರೆ ಕೇಳಬೇಕಾದ ಪ್ರಶ್ನೆ ಇದೇ. ಶೂನ್ಯ ಬಡ್ಡಿ ಎಂಬುದೇ ಇಲ್ಲ, ಅದನ್ನು ಫೀಯ ರೂಪದಲ್ಲಿ ಮರೆಮಾಚಲಾಗುತ್ತದೆ ಅಂತ 2013ರ ಸೆಪ್ಟೆಂಬರ್‌ನಲ್ಲೇ ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸುತ್ತೋಲೆ ಕಳುಹಿಸಿತ್ತು. ಮಸೀದಿಯ ಉಸ್ತಾದರು ಹೇಳುವ ಮಾತನ್ನು ರಿಸರ್ವ್ ಬ್ಯಾಂಕೂ ಹೇಳಿದ ಹಾಗಾಯಿತು.

ಸಾಲದ ಕಾಗದಕ್ಕೆ ಬೆರಳೊತ್ತುವ ಮುಂಚೆ "ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್" ಕೇಳಿ. ಎಲ್ಲ ಖರ್ಚು ಸೇರಿಸಿ ವರ್ಷಕ್ಕೆ ಶೇಕಡಾ ಎಷ್ಟು ಬೀಳುತ್ತದೆ ಅಂತ ಅದರಲ್ಲಿ ಬರೆದು ಕೊಡಲೇಬೇಕು ಅಂತ ನಿಯಮವಿದೆ. ಒಂದು ಕಂತು ತಪ್ಪಿದರೆ ಬೌನ್ಸ್ ಚಾರ್ಜ್, ದಂಡ, ಸಿಬಿಲ್ ಸ್ಕೋರಿಗೆ ಪೆಟ್ಟು. ಕೆಲವು ಕಡೆ ಕಂತು ತಪ್ಪಿದರೆ ಫೋನನ್ನೇ ಲಾಕ್ ಮಾಡುವ ಆ್ಯಪ್ ಮೊದಲೇ ಹಾಕಿ ಕೊಡುತ್ತಾರೆ. ಫೋನಿನ ಬೆಲೆ ಜತೆ ಕೇಳದ ಇನ್ಶೂರೆನ್ಸ್ ಸೇರಿಸುವುದೂ ಇದೆ, ಬಿಲ್ಲಿನ ಪ್ರತಿ ಸಾಲು ಓದಿ.

ಅಂಗಡಿಯವರೇ ತಮ್ಮ ಸ್ವಂತ ಮಾಲನ್ನು, ಒಂದೇ ಬೆಲೆ ನಿಗದಿ ಮಾಡಿ, ತಡವಾದರೂ ಏರಿಸದೆ ಕಂತಿನಲ್ಲಿ ಕೊಟ್ಟರೆ ಅದು ವ್ಯಾಪಾರ, ಸಾಲದ ಬಡ್ಡಿಯಿಂದ ಬೇರೆ ಅಂತ ಫಿಖ್‌ಹ್ ಗ್ರಂಥಗಳಲ್ಲಿ ಚರ್ಚೆ ಇದೆ. ನಿಮ್ಮ ವ್ಯವಹಾರ ಯಾವ ಬಗೆಯದು ಅಂತ ಕಾಗದ ತೋರಿಸಿ ಉಸ್ತಾದರಲ್ಲೇ ಕೇಳಿ, ನಾವು ಫತ್ವಾ ಕೊಡುವವರಲ್ಲ. ನಮಗೆ ಗೊತ್ತಿರುವ ಒಂದು ಮನೆಯಲ್ಲಿ ಮಗ ಬಯಸಿದ 28 ಸಾವಿರದ ಫೋನ್ ಬಿಟ್ಟು, ಕೈಯಲ್ಲಿದ್ದ ಒಂಬತ್ತು ಸಾವಿರಕ್ಕೆ ಮಾವನಿಂದ ಮೂರು ಸಾವಿರ ಕೈಸಾಲ ಸೇರಿಸಿ ಹನ್ನೆರಡರದ್ದು ತೆಗೆದರು. ಹುಡುಗ ಒಂದು ವಾರ ಮುಖ ಊದಿಸಿಕೊಂಡಿದ್ದ. ಆಮೇಲೆ ಸರಿಯಾದ.

ಬಿಲ್ಲು, ಸರ್ವಿಸ್

ಹೊಸ ಫೋನಿನ ಡಬ್ಬಿಯ ಮೇಲಿನ ಐಎಂಇಐ, *#06# ಒತ್ತಿದಾಗ ಬರುವ ಐಎಂಇಐ, ಬಿಲ್ಲಿನಲ್ಲಿ ಬರೆದ ಐಎಂಇಐ, ಮೂರೂ ಒಂದೇ ಇರಬೇಕು. ಅಂದಾಜು ಚೀಟಿ ಬೇಡ, ಜಿಎಸ್‌ಟಿ ನಂಬರ್ ಇರುವ ಬಿಲ್ಲೇ ಬೇಕು. ಚಾರ್ಜರ್ ಡಬ್ಬಿಯಲ್ಲಿದೆಯೇ ಅಂತ ಕೇಳಿ, ಈಗ ಎಷ್ಟೋ ಕಂಪೆನಿಗಳು ಕೊಡುತ್ತಿಲ್ಲ, ಅದರ ಬೆಲೆಯನ್ನೂ ಸೇರಿಸಿ ಲೆಕ್ಕ ಹಾಕಿ. ಮತ್ತು ಆ ಕಂಪೆನಿಯ ಅಧಿಕೃತ ಸರ್ವಿಸ್ ಸೆಂಟರ್ ಎಲ್ಲಿದೆ? ಶ್ರೀರಂಗಪಟ್ಟಣದವರಿಗೆ ಮೈಸೂರು ಹತ್ತಿರ, ಹದಿನೈದು ಕಿಲೋಮೀಟರ್. ಕೆ.ಆರ್.ಪೇಟೆ, ನಾಗಮಂಗಲದವರು ಒಂದು ದಿನದ ಕೆಲಸ ಬಿಟ್ಟು ಹೋಗಬೇಕು, ಕೊಟ್ಟು ಬಂದು ಮತ್ತೆ ತರಲು ಇನ್ನೊಂದು ದಿನ. ಮಂಡ್ಯದಲ್ಲಿ, ಮೈಸೂರಿನಲ್ಲಿ ಎರಡೂ ಕಡೆ ಸೆಂಟರ್ ಇಲ್ಲದ ಕಂಪೆನಿಯ ಫೋನು ಎಷ್ಟೇ ಅಗ್ಗವಾಗಲಿ, ನಾವಾದರೆ ಕೊಳ್ಳುವುದಿಲ್ಲ.

ವಾರಂಟಿ ಇದ್ದೂ ಸತಾಯಿಸಿದರೆ 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅಲ್ಲೂ ಆಗದಿದ್ದರೆ ಮಂಡ್ಯದಲ್ಲಿ ಜಿಲ್ಲಾ ಗ್ರಾಹಕರ ಆಯೋಗ ಇದೆ. ಐದು ಲಕ್ಷದವರೆಗಿನ ವಸ್ತುವಿಗೆ ದೂರಿನ ಶುಲ್ಕ ಇಲ್ಲ, ವಕೀಲರು ಬೇಕೆಂದೂ ಇಲ್ಲ.

ಫೋನ್ ಮನೆಗೆ ಬಂದ ಮೇಲಿನ ಎರಡು ಕೆಲಸ. ಮಗಳ ಸಿಮ್ ಅವಳ ಅಥವಾ ಮನೆಯವರ ಹೆಸರಲ್ಲೇ ಇರಲಿ, ಅಂಗಡಿಯಲ್ಲಿ ಸಿಕ್ಕ ಯಾರದೋ ಹೆಸರಿನ ಸಿಮ್ ಬೇಡ. ಒಬ್ಬರ ಹೆಸರಲ್ಲಿ ಒಂಬತ್ತು ಸಿಮ್‌ವರೆಗೆ ಇರಬಹುದು. ನಿಮ್ಮ ಹೆಸರಲ್ಲಿ ಎಷ್ಟಿವೆ ಅಂತ ಸಂಚಾರ್ ಸಾಥಿಯಲ್ಲೇ ನೋಡಿ, ಗೊತ್ತಿಲ್ಲದ್ದು ಇದ್ದರೆ ಅಲ್ಲೇ ತಿಳಿಸಬಹುದು. ಆಧಾರ್‌ಗೆ, ಬ್ಯಾಂಕಿಗೆ, ಉಮ್ಮನ ಗೃಹಲಕ್ಷ್ಮಿಗೆ ಕೊಟ್ಟ ನಂಬರನ್ನು ರೀಚಾರ್ಜ್ ಮಾಡದೆ ಬಿಟ್ಟು ಹೊಸ ಸಿಮ್ ತೆಗೆದುಕೊಂಡರೆ ಹಳೇ ನಂಬರ್ ಮುಂದೆ ಬೇರೆಯವರಿಗೆ ಹೋಗುತ್ತದೆ, ಒಟಿಪಿಯೂ ಅವರಿಗೇ.

ಎರಡನೆಯದು ಕಾಪಿ. 2024ರ ಸೆಪ್ಟೆಂಬರ್ 11ರ ರಾತ್ರಿ ನಾಗಮಂಗಲದಲ್ಲಿ ಗಣೇಶ ಮೆರವಣಿಗೆ ಹೊತ್ತಿನ ಗಲಭೆಯಲ್ಲಿ ಅಂಗಡಿಗಳಿಗೆ ಬೆಂಕಿ ಬಿತ್ತು. ಅಂಗಡಿಯ ಲೈಸೆನ್ಸ್, ಬಾಡಿಗೆ ಕರಾರು, ಖರೀದಿ ಬಿಲ್ಲು, ಸಾಮಾನಿನ ಫೋಟೋ ಎಲ್ಲ ಒಂದೇ ಫೋನಿನಲ್ಲಿದ್ದು, ಆ ಫೋನು ಗಲ್ಲೆಯ ಪಕ್ಕ ಚಾರ್ಜಿಗೆ ಹಾಕಿದ್ದರೆ? ಗೂಗಲ್ ಅಕೌಂಟಿನಲ್ಲಿ 15 ಜಿಬಿ ಜಾಗ ಉಚಿತ. ಆ ಕಾಗದಗಳ ಫೋಟೋ ಅಲ್ಲಿಗೆ ಹಾಕಿಸಿ, ಊರಿನಲ್ಲಿರುವ ಅಣ್ಣನಿಗೂ ಒಂದು ಕಳುಹಿಸಿಡಿ. ಫೋನಿನ ಬಿಲ್ಲನ್ನೂ ಅದರ ಜತೆ ಸೇರಿಸಿ. ಕಳೆದುಹೋದ ದಿನ ದೂರಿಗೆ ಬೇಕಾಗುವುದು ಆ ಬಿಲ್ಲು ಮತ್ತು ಐಎಂಇಐ ನಂಬರೇ, ಅವೆರಡೂ ಕಳೆದ ಫೋನಿನೊಳಗೇ ಇದ್ದರೆ ಠಾಣೆಯಲ್ಲಿ ಏನಂತ ಬರೆಸುವುದು?